ಕಿವಿಯ ಬಾಡಿಗೆ

ಕಿಸುಮುವಿನಲ್ಲಿ ನಮ್ಮಂಥ ಕಸುಬುದಾರರ ಬೀದಿಗೆ
ಜುವಾ ಕಾಲಿ ಅನ್ನುತ್ತಾರೆ. ಉರಿಬಿಸಿಲು ಅಂತ ಅರ್ಥ.
ತಲೆ ಮೇಲೆ ಸೂರಿಲ್ಲ, ಹೆಸರೇ ಸೂರು.

ಅಲ್ಲಿ ಒಗೊಲ್ಲನೂ ನಾನೂ ಯಂತ್ರ ಕಟ್ಟಿದೆವು.
ಹಳೇ ಲಾರಿಯ ಕಮಾನುಪಟ್ಟಿ ತೇದು ಅಲಗು,
ಕೆಟ್ಟ ವಾಷಿಂಗ್ ಮಷೀನಿನ ಮೋಟಾರು,
ಯಾರದೋ ನೀರಿಗೆ ಬಿದ್ದ ಫೋನಿನಿಂದ ಒಂದು ಕಣ್ಣು.
ಬೆಲ್ಟಿನ ಮೇಲೆ ಪ್ಲಾಸ್ಟಿಕ್ಕು ಬಂದರೆ
ಕಣ್ಣು ನೋಡಬೇಕು, ತೋಳು ತಳ್ಳಬೇಕು, ಅಲಗು ಕಡಿಯಬೇಕು,
ನಾವು ದೂರ ನಿಂತು ಚಹಾ ಕುಡಿಯಬೇಕು.
ಲೆಕ್ಕ ಇಷ್ಟೇ ಇತ್ತು.

ಸರೋವರದಿಂದ ಬಂದದ್ದು ಬೇರೆ.
ಅಂತರಗಂಗೆಯ ಬೇರು ಸುತ್ತಿಕೊಂಡು
ಹೊಟ್ಟೆ ತುಂಬ ಕೆಸರು ಕುಡಿದು
ಬಿಸಿಲಿಗೆ ಬಣ್ಣ ಬಿಟ್ಟು
ಒಮೆನಾ ಮೀನಿನ ನಾತ ಹೊತ್ತು.
ಕಣ್ಣು ಕಕ್ಕಾಬಿಕ್ಕಿ.
ಹಾಲಿನ ಡಬ್ಬಿಯನ್ನು ಪೈಪು ಅಂದಿತು,
ಪೈಪನ್ನು ಹಾಲಿನ ಡಬ್ಬಿ ಅಂದಿತು.
ಒಂದೇ ಒಂದು ತುಂಡು ಪೈಪು
ಕರಗಿಸುವ ಒಲೆಗೆ ಬಿದ್ದದ್ದಕ್ಕೆ
ಇಡೀ ಬೀದಿ ಸಂಜೆತನಕ ಕೆಮ್ಮಿತು.

ಅಕೆಯೊ ಚೀಲ ಇಳಿಸಿ ನಗುತ್ತಿದ್ದಳು.
ಇಪ್ಪತ್ತೆರಡು ವರ್ಷ ತಿಪ್ಪೆ ಹೆಕ್ಕಿದವಳು.
ಉಗುರಿನಿಂದ ಟಕ್ ಎಂದು ತಟ್ಟಿ, ಕಿವಿಯ ಹತ್ತಿರ ಹಿಡಿದು
"ಇದು ಹಾಲು. ಇದು ಔಷಧಿ.
ಇದು ಹಗೆ, ಬೆಂಕಿಗೆ ತೋರಿಸಬೇಡಿ" ಎಂದಳು,
ಕಣ್ಣು ಮುಚ್ಚಿಕೊಂಡೇ.
ನೂರಕ್ಕೆ ನೂರು. ಅಲ್ಲ, ತೊಂಬತ್ತೊಂಬತ್ತು:
ಒಂದು ಆಮೆಯ ಚಿಪ್ಪಾಗಿತ್ತು,
ಅದನ್ನು ಏನೂ ಅನ್ನದೆ ಪಕ್ಕಕ್ಕಿಟ್ಟಳು.

ಆ ರಾತ್ರಿಯೇ ಒಗೊಲ್ಲ ಯಂತ್ರದ ಕಣ್ಣು ಕಿತ್ತ.
ಹೆಬ್ಬೆರಳಷ್ಟು ಸುತ್ತಿಗೆ ಕೂರಿಸಿದ, ಪಕ್ಕದಲ್ಲೊಂದು ಮೈಕು.
ಅಕೆಯೊ ಹೇಳುವಳು, ಅದು ಕೇಳುವುದು.
ಮೂರು ವಾರ. ಒಂಬತ್ತು ಸಾವಿರ ಸಲ ಟಕ್.
ಸಂತೆಯ ದಿನ ಅದಕ್ಕೆ ಕಿವುಡು.
ಹಿಂದಿನ ಚರ್ಚಿನಲ್ಲಿ ಹಾಡು ಶುರುವಾದರೆ ಸಾಕು,
ಬಂದದ್ದೆಲ್ಲ ಹಾಲು ಅನ್ನುತ್ತಿತ್ತು.

ಕಲಿತಿತು, ಹೇಗೋ.
"ಎಲ್ಲ ಸರಿ, ನನ್ನ ಕಿವಿ ತಗೊಂಡಿರಿ" ಎಂದಳು ಅಕೆಯೊ.
"ಈ ಜಾಗಕ್ಕೆ ಬಾಡಿಗೆ ಕಟ್ಟುತ್ತೀರಲ್ಲ, ಕಿವಿಗೆ?"
ಒಗೊಲ್ಲ ನನ್ನ ಮುಖ ನೋಡಿದ.
ನಾನು ನಟ್ಟು ಬಿಗಿಯುತ್ತಿದ್ದೆ,
ಬಿಗಿದ ನಟ್ಟನ್ನೇ ಮತ್ತೆ.

ಕಿಲೋಗೆ ಒಂದು ಶಿಲ್ಲಿಂಗ್.
ಯಂತ್ರದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ
ಅವಳೇ ಗೀರು ಎಳೆಯುತ್ತಾಳೆ. ನಾವು ಎಣಿಸುವಂತಿಲ್ಲ.

ನಿನ್ನೆ ಅದುರಿ ಅದುರಿ
ಯಂತ್ರದ್ದೇ ಮೂತಿಯ ಹೊದಿಕೆ ಸೀಳಿ ಬೆಲ್ಟಿಗೆ ಬಿತ್ತು.
ನಾನು ಓಡಿ ನಿಲ್ಲಿಸುವಷ್ಟರಲ್ಲಿ ಸುತ್ತಿಗೆ ಬಾಗಿತು.
ಟಕ್.
ಒಂದು ಗಳಿಗೆ ಕೇಳಿಸಿಕೊಂಡಿತು.
ಆಮೇಲೆ ತನ್ನ ತುಂಡನ್ನು ತಾನೇ
ಹಗೆಯ ಡಬ್ಬಕ್ಕೆ ತಳ್ಳಿತು.

ತಪ್ಪೇನಿಲ್ಲ. ಪೈಪು ಸೀಳಿ, ಬಿಸಿಮಾಡಿ ಬಗ್ಗಿಸಿ
ಆ ಹೊದಿಕೆ ಮಾಡಿದವನು ನಾನೇ.
ಯಾರಿಗೂ ಹೇಳಿರಲಿಲ್ಲ.

ಅಕೆಯೊ ಎದ್ದು ಬಂದಳು.
ತುಂಡನ್ನು ಅಂಗೈಯಲ್ಲಿ ತೂಗಿ,
ಕಾಲು ಕಿಲೋ ಇದ್ದೀತು ಎಂದು
ಬಾಗಿಲ ಮೇಲೆ
ಚಿಕ್ಕದೊಂದು ಗೀರು ಎಳೆದಳು.