ಕಣ್ಣಳತೆ

ನದಿ ದಾಟಿದ ಮೇಲೆ, ಟೊಲೀಡೊದ ಪೂರ್ವ ದಂಡೆಯಲ್ಲಿ,
ಆ ಗುರುವಾರ ನನ್ನ ಪಾಲಿಗೆ ಹದಿನಾಲ್ಕು ಮನೆ.
ಜಪ್ತಿಯಾದವು, ಬೀಗ ಬಿದ್ದವು,
ಬ್ಯಾಂಕಿಗೆ ಬೆಲೆ ಬೇಕಾದವು.
ಕತ್ತಲಾಗುವುದು ಐದಕ್ಕೆ.
ಮನೆಯೊಂದಕ್ಕೆ ಬ್ಯಾಂಕು ಬಿಚ್ಚುವುದು ನೂರು ಡಾಲರು,
ನಡುವಿನ ಕಂಪನಿ ದಾಟಿ ನನ್ನ ಕೈಗೆ ನಲವತ್ತು.
ಕಾರಿನಿಂದ ಇಳಿದರೆ ನಷ್ಟ.

ಇಳಿಯುವುದಿಲ್ಲ.
ಗಾಜು ಇಳಿಸುತ್ತೇನೆ, ಫೋಟೋ ಹೊಡೆಯುತ್ತೇನೆ,
ಮುಂಬದಿ ಸಾಧಾರಣ, ಮಾಡು ಸಾಧಾರಣ,
ಒಳಗೆ ಸಾಧಾರಣವೆಂದು ಊಹೆ.
ಊಹೆಗೂ ನಮೂನೆಯಲ್ಲೊಂದು ಚೌಕವಿದೆ,
ಅದರಲ್ಲೊಂದು ಗೀಟು ಎಳೆದರೆ
ನಾನು ನೋಡಿದವಳೂ ಅಲ್ಲ, ನೋಡದವಳೂ ಅಲ್ಲ,
ಅಡ್ಡಗೋಡೆಯ ಮೇಲೆ ದೀಪ ಇಟ್ಟವಳು.

ಮೊದಲು ಹೀಗಿರಲಿಲ್ಲ.
ಲೈಸೆನ್ಸಿಗೆ ಮುಂಚೆ ಎರಡು ವರ್ಷ
ಗಸ್ ಕ್ರೌಲಿ ಎಂಬ ಮುದುಕನ ಟೇಪಿನ
ಇನ್ನೊಂದು ತುದಿ ಹಿಡಿದು ನಡೆದವಳು ನಾನು,
ವರ್ನಾ ಓಸ್ಟರ್‌ಹೌಸ್.
ಅವನಿಗೆ ಮೊಣಕಾಲು ನೋವು, ಆದರೂ ಮೊದಲು ನೆಲಮಾಳಿಗೆ.
'ಬಣ್ಣ ಬಳಿದು ಕಣ್ಣು ಕಟ್ಟಬಹುದು ಹುಡುಗಿ,
ಮೂಗು ಕಟ್ಟಲು ನೆಗಡಿಯೇ ಬೇಕು.'

ಈಗ ನನ್ನ ಕೈಕೆಳಗೂ ಒಬ್ಬ, ಕೀಗನ್, ಇಪ್ಪತ್ತೆರಡು.
ಅವನ ಮುಖ ನೋಡಿದ್ದು ಎರಡೇ ಸಲ.
ಅವನು ಲೈಮಾದಲ್ಲಿ ಫೋನು ಹಿಡಿದು ಬೀದಿ ಸುತ್ತುತ್ತಾನೆ,
ಅವನ ವರದಿಯ ಬುಡದಲ್ಲಿ ನನ್ನ ನಂಬರು.
ಒಂದೇ ಮಧ್ಯಾಹ್ನ, ಎಂಬತ್ತು ಮೈಲಿ ಅಂತರದ ಎರಡು ಊರಲ್ಲಿ
ನನ್ನ ಸಹಿ ಹಾಜರಿ ಹಾಕಿದೆ;
ನಾನು ಕಾರಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆ.

ಆರನೆಯ ಮನೆಯ ಹಲಗೆಗೋಡೆ
ಕಿಟಕಿಯ ಕೆಳಗೆ ಹುದುಗಿದ ಹಿಟ್ಟಿನಂತೆ ಉಬ್ಬಿತ್ತು.
ಇಳಿದೆ. ಯಾಕೆಂದು ಕೇಳಬೇಡಿ.
ತಳ್ಳಿದರೆ ಬಾಗಿಲು ಅರ್ಧಕ್ಕೇ ನಿಂತಿತು:
ಮಹಡಿಯ ಮೆಟ್ಟಿಲಿಳಿದು ಬಂದು
ಹಜಾರದಲ್ಲಿ ಹೆಪ್ಪುಗಟ್ಟಿ ಕೂತ ನೀರು,
ಅದರೊಳಗೆ ಹೂತ ಛಾವಣಿಯ ಗಾರೆ.
ಅಡುಗೆಮನೆಯ ನಲ್ಲಿಗೆ ದಾರದಲ್ಲಿ ಕಟ್ಟಿದ ಗುಲಾಬಿ ಚೀಟಿ:
'ನೀರು ಬಂದ್ ಮಾಡಿದೆ. ಕೊಳವೆ ಖಾಲಿ ಮಾಡಿದೆ.'
ತಾರೀಖು. ಸಹಿ.
ಆ ಸಹಿಯನ್ನು ಬಹಳ ಹೊತ್ತು ನೋಡಿದೆ.
ಚೀಟಿ ಕಟ್ಟಲಾದರೂ ಒಳಗೆ ಬಂದಿದ್ದಾನೆ, ನನಗಿಂತ ವಾಸಿ.
ನೆಲಮಾಳಿಗೆಗೆ ಇಳಿದು ತಿರುಪು ತಿರುಗಿಸಲು ಹೊತ್ತಿರಲಿಲ್ಲ.
ಅವನಿಗೆ ಆ ದಿನ ಎಷ್ಟು ಮನೆಯಿದ್ದವೋ.

ಹೊರಗೆ ಪಕ್ಕದ ಮನೆಯ ಇಲೋನಾ ಬರ್ತಾಲನ್
ಹಿಮ ಬಾಚುವ ಸಲಿಕೆಗೆ ಒರಗಿ ನಿಂತಿದ್ದಳು.
'ಎಷ್ಟು ಬರೆಯುತ್ತೀ?'
ಹೇಳುವಂತಿಲ್ಲ, ನಿಯಮ, ಎಂದೆ.
'ಎದುರಿನ ಮನೆಗೆ ಹತ್ತೊಂಬತ್ತು ಸಾವಿರ ಬರೆದಳಂತೆ ಯಾರೋ.
ಅದನ್ನೇ ತೋರಿಸಿ ನನಗೆ ಸಾಲವಿಲ್ಲ ಅಂದರು.
ಹೀಟರ್ ಕೆಟ್ಟು ತಿಂಗಳಾಯಿತು.'
ಆ ಯಾರೋ ನಾನು. ಅಕ್ಟೋಬರಿನಲ್ಲಿ, ಕಾರಿನೊಳಗಿಂದ.
ಬ್ಯಾಂಕು ಅದನ್ನು ನಾನು ಬರೆದ ಅಂಕಿಗೇ ಮಾರಿತ್ತು,
ಇವತ್ತು ಈ ಮನೆಯ ಬೆಲೆಗೆ ಹೋಲಿಕೆಯೆಂದು
ನನ್ನ ಮಡಿಲಲ್ಲೇ ಇತ್ತು ಅದರ ಕಾಗದ.
ನನ್ನ ಊಹೆಗೆ ನನ್ನ ಊಹೆಯೇ ಸಾಕ್ಷಿ.

ಉಳಿದ ಎಂಟಕ್ಕೆ ಅಂದು ಹೋಗಲಿಲ್ಲ.
ರಾತ್ರಿಯೇ ಅವು ಬೇರೆ ಯಾರದೋ ಫೋನಿಗೆ ಹೋದವು,
ಮೂವತ್ತೈದಕ್ಕೆ.

ಮಾರ್ಚ್‌ನಲ್ಲಿ ಕೊಲಂಬಸ್ಸಿನ ಲೈಸೆನ್ಸ್ ಮಂಡಳಿ ಕರೆಸಿತು.
ದಿನಕ್ಕಿಷ್ಟೇ ಮನೆ ಎಂದು ಮಿತಿ ಹಾಕುವ ಕರಡು.
ಕಂಪನಿಯ ವಕೀಲ ಎದ್ದು ನಿಂತು,
ಅನುಭವಸ್ಥರಿಗೆ ಕಣ್ಣಳತೆ ಸಾಕು, ಎಂದ.
ಅಧ್ಯಕ್ಷೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದಳು:
ನಿಮ್ಮ ಪ್ರಕಾರ ಎಷ್ಟು?
ನಾಲ್ಕು, ಎಂದೆ.
ಆಧಾರ?
ನನ್ನ ಕೋಟು ನಾಲ್ಕು ನೆಲಮಾಳಿಗೆಯ ವಾಸನೆ ಹೊರುತ್ತದೆ,
ಐದನೆಯದು ಬಂತೆಂದರೆ
ಯಾವುದು ಯಾವ ಮನೆಯದೆಂದು ತಿಳಿಯುವುದಿಲ್ಲ.
ಯಾರೋ ನಕ್ಕರು.
ಗುಮಾಸ್ತ ಬರೆದುಕೊಂಡನೋ ಇಲ್ಲವೋ ಕಾಣಲಿಲ್ಲ.
ಕರಡು ಮೇ ತಿಂಗಳಿಗೆ ಮುಂದೆ ಹೋಯಿತು.

ಪಾರ್ಕಿಂಗಿನಿಂದಲೇ ಕೀಗನ್‌ಗೆ ಫೋನು ಮಾಡಿದೆ.
ನಾಳೆ ನಾನೇ ಲೈಮಾಕ್ಕೆ ಬರುತ್ತೇನೆ,
ಟೇಪು ತೆಗೆದಿಟ್ಟುಕೋ, ಎಂದೆ.

ಯಾವ ಟೇಪು, ಅಂದ.