‘ಬೇಡ’ ಇರುವ ಜಾಗ

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನ ಎದುರು
ಮೊದಲು ತಕ್ಕಡಿ ಮಾರುತ್ತಿದ್ದ ಮಳಿಗೆಯಲ್ಲಿ
ಈಗ ಸೈಟು ತೋರಿಸುತ್ತೇವೆ.
ಸೈಟೆಂದರೆ ಮಣ್ಣಿಲ್ಲ, ಗಡಿಗಲ್ಲಿಲ್ಲ.
ಬಂದವರ ಕಣ್ಣಿಗೊಂದು ಕರಿ ಡಬ್ಬಿ ಕಟ್ಟುತ್ತೇನೆ,
ಒಳಗೆ ನಂದಿಯ ತಪ್ಪಲು, ಮೂವತ್ತು ನಲವತ್ತು, ಪೂರ್ವಕ್ಕೆ ಬಾಗಿಲು.

ಕೆಲಸಕ್ಕೆ ಸೇರಿದ ದಿನ ಹೇಳಿಕೊಟ್ಟದ್ದು ಇಷ್ಟೇ:
‘ಒಪ್ಪಿದೆ’ ಹಸಿರು, ಊಟದ ತಟ್ಟೆಯಷ್ಟು ಅಗಲ,
ಕೈ ಚಾಚಿದರೆ ತಾನೇ ಬಂದು ಬೆರಳಿಗೆ ತಾಗುತ್ತದೆ.
‘ಬೇಡ’ ಬೆನ್ನ ಹಿಂದೆ, ಮೊಣಕಾಲಿನ ಮಟ್ಟದಲ್ಲಿ,
ಬೂದಿ ಬಣ್ಣ, ಸಾಸಿವೆ ಗಾತ್ರ.
ಹುಡುಕಹೊರಟರೆ ಅಂಗಳದಲ್ಲೊಂದು ಮಗು
ಅಳಲು ಶುರುಮಾಡುತ್ತದೆ.
ಯಾವುದಕ್ಕೆ ಒಪ್ಪಿದ್ದು ಅಂತ ಕೇಳಿದವರು
ಎಂಟು ತಿಂಗಳಲ್ಲಿ ಇಬ್ಬರು.
ಒಬ್ಬರು ವಕೀಲರು. ಇನ್ನೊಬ್ಬರು ಸುಮ್ಮನೆ ತಮಾಷೆಗೆ.

ಒಂದು ಶುಕ್ರವಾರ ಅಮ್ಮಿ ಬಂದಳು ಊಟದ ಡಬ್ಬಿ ಹಿಡಿದು.
‘ನಂಗೂ ಕಟ್ಟೇ, ನೋಡೋಣ.’
ಮೂವತ್ತೊಂದು ವರ್ಷ ಕುದಿನೀರಿನ ತೊಟ್ಟಿಗೆ ಬೆರಳದ್ದಿದವಳು,
ಬೆಂದ ಗೂಡಿನ ಮೈಮೇಲೆ
ಕಣ್ಣಿಗೆ ಸಿಗದ ಎಳೆಯ ತುದಿಯನ್ನು ಉಗುರಲ್ಲಿ ಎತ್ತುವವಳು.
ಹಸಿರು ತಟ್ಟೆ ತೇಲಿ ಬಂತು.
ಅವಳು ಮುಟ್ಟಲಿಲ್ಲ.
‘ಸಲೀಸಾಗಿ ಕೈಗೆ ಬರೋದು ಸಿಕ್ಕು ಕಣೇ ನಸೀಬಾ, ಎಳೆಯಲ್ಲ’
ಅಂದು ತಿರುಗಿದಳು. ವೈರು ಕಾಲಿಗೆ ಸುತ್ತಿತು.
ಮಗು ಅತ್ತಿತು. ‘ಅಳಲಿ ಬಿಡು.’
ಬಗ್ಗಿದಳು,
ಗಾಳಿಯಲ್ಲಿ ಸಾಸಿವೆಯೊಂದನ್ನು ಚಿವುಟಿದಳು.

ನಾನು ಚಪ್ಪಾಳೆ ಕೂಡ ತಟ್ಟಿದೆ.

ಸಂಜೆ ಮುನಿಕೃಷ್ಣಪ್ಪನವರು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದರು.
ಎತ್ತರ ನಾಲ್ಕು ಅಡಿ ಹನ್ನೊಂದು.
ಕಣ್ಣು ನಿಂತದ್ದು ಅಡುಗೆಮನೆ ಕಿಟಕಿಯಲ್ಲಿ, ಒಂಬತ್ತು ಸೆಕೆಂಡು.
‘ಬೇಡ’ ಅನ್ನಲು ಹಿಡಿದದ್ದು ಇಪ್ಪತ್ತಾರು.
ಬಲಗೈ ನಡುಕ: ಇದೆ.

‘ಬೇಡ ಅಂದರಲ್ಲ ಸಾರ್, ಅವರು.’
‘ಸೈಟು ಬೇಡ ಅಂದರು’ ಅಂದರು ಅವರು, ಮೆತ್ತಗೆ.
‘ತಾಯಿಗೆ ಎಲ್ಲಾದರೂ ತೋರಿಸಿದ್ದೀರಾ? ನಮಗೆ ಗೊತ್ತಿರೋ ಆಸ್ಪತ್ರೆಯಿದೆ,
ನಂಬರು ಕೊಟ್ಟಾಯ್ತು.
ಕೆಲಸಕ್ಕೆ ಸೇರುವಾಗ ನೀವೇ ಬರೆದಿದ್ದಿರಲ್ಲ,
ತುರ್ತಿಗೆ ಅಂತ.’

ಮನೆಯಲ್ಲಿ ಅಮ್ಮಿ ಚಹಾ ತಂದಳು, ಎಡಗೈಯಲ್ಲಿ.
ಎಡಗೈಯಲ್ಲಿ ಕೊಡಬಾರದು ಅಂತ
ನನಗೆ ಬೆರಳಿಗೆ ಹೊಡೆದು ಕಲಿಸಿದವಳು.
ಯಾವಾಗಿನಿಂದ?
ಲೋಟ ತಗೊಂಡೆ. ಕೇಳಲಿಲ್ಲ.
ಗೋಡೆಯ ಗೂಡಿನಲ್ಲಿ ಅವಳ ಫೋನು
ಒಮ್ಮೆ ಗುಂಯ್ ಅಂದಿತು.