ನೆರಿಗೆಯ ಲೆಕ್ಕ

ಏಳೂವರೆಯ ಪೂಜೆ ಮುಗಿಸಿ, ಜೆಪ್ಪುವಿನಿಂದ
ಹಂಪನಕಟ್ಟೆಯವರೆಗೆ ನಡೆದೇ ಹೋಗುತ್ತಿದ್ದರು ಸೆವ್ರಿನ್ ಬಾಯಿ,
ಸೆರಗಿನಡಿಯಲ್ಲಿ ಅಳತೆಯ ಟೇಪು,
ಕೈಚೀಲದಲ್ಲಿ ಮೊನೆ ಮಾಡಿದ ಎರಡು ಪೆನ್ಸಿಲು,
ಹಿಂದೆ ನಾನು.

ಹತ್ತೂವರೆಗೆ ಇಂಗ್ಲಿಷ್ ಆಟ. ಭಾನುವಾರ ಮಾತ್ರ.
ಇಪ್ಪತ್ತು ವರ್ಷ ಹಳೆಯ ರೀಲು, ಊರೂರು ಸವೆದು
ಬೊಂಬಾಯಿ ದಾಟಿ ನಮ್ಮಲ್ಲಿಗೆ ಮುಟ್ಟುವಾಗ
ಹಾಲಿವುಡ್ಡಿನ ಬಿಸಿಲಿಗೂ
ಆಟಿ ತಿಂಗಳ ಮಳೆ ಹಿಡಿದಿರುತ್ತಿತ್ತು.

ಹಂಚಿನ ಕಾರ್ಖಾನೆಯ ಮೇಸ್ತ್ರಿಯ ಮಗ ನಾನು,
ಏಳನೇ ಕ್ಲಾಸು, ಇಂಗ್ಲಿಷು ಬರುತ್ತದೆಂದು ಪುಕಾರು.
ಅರ್ಥ ಹೇಳಹೊರಟರೆ ಮೊಣಕೈಯಲ್ಲಿ ತಿವಿದು
"ಮಾತು ಎಂಥಕ್ಕೆ ಪುತಾ? ಅವಳು ತಿರುಗುವಾಗ
ಸೊಂಟದ ಹತ್ತಿರ ನೆರಿಗೆ ಎಷ್ಟು, ಅದು ಹೇಳು."
ಹನ್ನೊಂದು, ಎಂದೆ.
ಹದಿಮೂರು, ಎಂದರು. ಒಂದು ತೋಳಿನ ಮರೆಯಲ್ಲಿದೆ,
ಇನ್ನೊಂದು ನೆರಳಲ್ಲಿ.

ನಟಿಯರ ಹೆಸರು ಅವರಿಗೆ ಬೇಕಿರಲಿಲ್ಲ.
ಒಬ್ಬಳು ಮೂವತ್ತನಾಲ್ಕು, ಇಪ್ಪತ್ತೆರಡು.
ಒಬ್ಬಳು ಉದ್ದ ಕೊರಳು, ಕಾಲರು ಬೇಡ.
ಮತ್ತೊಬ್ಬಳ ಎಡಭುಜ ಕಾಲಿಂಚು ಕೆಳಗೆ.
ಲೋಕವೆಲ್ಲ ಅವಳ ಕಣ್ಣಿಗೆ ಬಿದ್ದು ಸಾಯುವಾಗ
ಆ ಕಾಲಿಂಚನ್ನು ಕಂಡವರು ಇಬ್ಬರೇ:
ಅಲ್ಲಿ, ಹತ್ತಿ ತುಂಬಿ ಅದನ್ನು ಮುಚ್ಚಿದ ಯಾರೋ ದರ್ಜಿ,
ಇಲ್ಲಿ, ಸೆವ್ರಿನ್ ಬಾಯಿ.
"ಒಳ್ಳೆ ಕೈ" ಎನ್ನುತ್ತಿದ್ದರು ಕತ್ತಲಲ್ಲಿ.
ಯಾರಿಗೆಂದು ನನಗೆ ಬಹಳ ಕಾಲ ತಿಳಿಯಲಿಲ್ಲ.

ನಾಯಕರ ಮೇಲೆ ಅಂಥ ಗೌರವವಿರಲಿಲ್ಲ.
"ಆ ಕೋಟು ಅವನದ್ದಲ್ಲ ಮಾರಾಯ, ತೋಳು ಉದ್ದ."
ನಾನು ಮಾತ್ರ ಮಾರ್ನಮಿಕಟ್ಟೆಯ ತಿರುವಿನಲ್ಲಿ
ಇಲ್ಲದ ಟೋಪಿ ಓರೆ ಮಾಡಿ, ಇಲ್ಲದ ಸಿಗರೇಟು ಹಚ್ಚಿ
ಕಣ್ಣು ಕಿರಿದಾಗಿಸಿ ನಿಂತಿರುತ್ತಿದ್ದೆ,
ಬುಟ್ಟಿ ಹೊತ್ತ ಮೀನಿನವಳು
"ಹೊಟ್ಟೆನೋವಾ ಮಗಾ?" ಎಂದು ಕೇಳುವವರೆಗೆ.

ಒಮ್ಮೆ ರೀಲು ಸಿಕ್ಕಿಕೊಂಡಿತು.
ಮೆಟ್ಟಿಲೇರುತ್ತಿದ್ದವಳು, ಅದೇ ಎಡಭುಜದವಳು,
ನಮಗೆ ಬೆನ್ನು ಕೊಟ್ಟು ಹಾಗೇ ನಿಂತಳು.
ಬೆಂಚಿನವರ ಸಿಳ್ಳೆ, ಬೈಗುಳ, ಕುರ್ಚಿಯ ಸದ್ದು.
ಸೆವ್ರಿನ್ ಬಾಯಿ ಎದ್ದು, ನಡುದಾರಿಯಲ್ಲಿ
ಪರಮಪ್ರಸಾದಕ್ಕೆ ಹೋಗುವವರಂತೆ ಮುಂದೆ ನಡೆದರು,
ಹೊಲಿಗೆ ಎಲ್ಲಿ ಸೇರುತ್ತದೆಂದು ನೋಡಲು.
ಅವಳ ನಡುಬೆನ್ನಲ್ಲೊಂದು ಕಂದು ಚುಕ್ಕೆ ಹುಟ್ಟಿ
ಕಾವಲಿಯ ದೋಸೆಯ ಹಾಗೆ ಹರಡಿ
ಎಲ್ಲ ಬಿಳಿ.
"ಸಿಕ್ಕಿತು" ಎಂದರು, ಬಂದು ಕೂತು.

ಹೊರಗೆ ಬಂದಾಗ ಕೇಳಿದೆ:
ಕಪ್ಪುಬಿಳಿಯಲ್ಲಿ ತಿಳಿಯುವುದಿಲ್ಲ,
ನಿಜಕ್ಕೂ ಆ ಗೌನು ಯಾವ ಬಣ್ಣ?
ಮಿಲಾಗ್ರಿಸ್ ಇಗರ್ಜಿಯ ಎದುರು
ಹೂವಿನವಳ ಬುಟ್ಟಿಯನ್ನು ಗಳಿಗೆ ಹೊತ್ತು ನೋಡಿ
"ಅಬ್ಬಲಿಗೆ" ಎಂದರು. ಸಂಶಯವೇ ಇರಲಿಲ್ಲ.

ಆ ಮೇ ತಿಂಗಳು ಕುಲಶೇಖರದ ಮದುವೆಯಲ್ಲಿ
ಮದುಮಗಳ ತಂಗಿ ಬೆನಡಿಕ್ಟಾ
ಹದಿಮೂರು ನೆರಿಗೆಯ ಅಬ್ಬಲಿಗೆಯಲ್ಲಿ ಮೆಟ್ಟಿಲಿಳಿದಾಗ
ಬ್ಯಾಂಡಿನವನೊಬ್ಬ ಸ್ವರ ತಪ್ಪಿದ.
ನಾನೂ ಏನೋ ತಪ್ಪಿದೆ. ಅದು ಬೇರೆ ಕತೆ.

ಟಾಕೀಸಿನ ಜಾಗದಲ್ಲೀಗ ಚಪ್ಪಲಿ ಅಂಗಡಿ,
ಮೇಲೆ ಹಲ್ಲಿನ ಡಾಕ್ಟರು.
ಮೊನ್ನೆ ಬಿಜೈಯ ಫ್ಲ್ಯಾಟಿನಲ್ಲಿ, ತೊಂಬತ್ತೊಂದರ ಹುಟ್ಟುಹಬ್ಬಕ್ಕೆ
ತಂಗಿಯ ಮೊಮ್ಮಗ ಹುಡುಕಿ ಹಾಕಿದ ಅದೇ ಚಿತ್ರವನ್ನು,
ಯಾರೋ ಕಂಪ್ಯೂಟರಿನಲ್ಲಿ ಬಣ್ಣ ಬಳಿದದ್ದು.
ಮಳೆ ಪೂರ್ತಿ ನಿಂತಿತ್ತು.
ಅವಳಿಗಿನ್ನೂ ಇಪ್ಪತ್ತಾರೇ ವರ್ಷ. ಮೆಟ್ಟಿಲೂ ಅದೇ.
ಗೌನು ನೀಲಿ.

"ನೀಲಿಯಾ?" ಎಂದರು ಸೆವ್ರಿನ್ ಬಾಯಿ.
ಕೇಕಿನ ತಟ್ಟೆ ಬದಿಗಿಟ್ಟರು.
"ಪಾಪ, ಅವರಿಗೆ ಯಾರೂ ಹೇಳಲಿಲ್ಲ ಕಾಣ್ತದೆ."
ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಒರೆಸು ಎಂದು,
ಮತ್ತೆ ಹಾಕಿಕೊಂಡು, ಮುಂದಕ್ಕೆ ಬಾಗಿ
"ಈಗ ಹೇಳು ಪುತಾ, ನೆರಿಗೆ ಎಷ್ಟು?"

ಹದಿಮೂರು, ಎಂದೆ.
ನಾನು ಎಣಿಸಿರಲಿಲ್ಲ.
ಎಡಭುಜವನ್ನೇ ನೋಡುತ್ತಿದ್ದೆ.